ಕುರಿ ಮೂಲೆಯ ಮಣ್ಣು

ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸ ಕೆಸರು ಕೊಯ್ಯುವುದು. ಕರಾವಳಿಯ ಒಂದು ಪ್ರಯೋಗಾಲಯದಲ್ಲಿದ್ದೇನೆ. ಬಂದರಿನ ತಳದಿಂದ, ಅಳಿವೆಯ ಬಾಯಿಂದ, ಕೊಳಕು ನೀರು ಸಮುದ್ರಕ್ಕೆ ಬೀಳುವ ಜಾಗಗಳಿಂದ ಉದ್ದನೆಯ ಪ್ಲಾಸ್ಟಿಕ್ ಕೊಳವೆಗಳಲ್ಲಿ ಕೆಸರು ಬರುತ್ತದೆ. ಅದನ್ನು ಹಿಂದಿನಿಂದ ದೂಡಿ, ಎರಡೆರಡು ಸೆಂಟಿಮೀಟರಿಗೆ ಒಂದು ಬಿಲ್ಲೆಯಂತೆ ಕೊಯ್ದು, ಒಣಗಿಸಿ, ಅರೆದು, ಜರಡಿ ಹಿಡಿದು, ಚೀಟಿ ಅಂಟಿಸಿ ಒಳಗಿನ ಕೋಣೆಗೆ ಕಳಿಸುತ್ತೇನೆ. ಒಳಗೆ ನಮ್ಮ ಮೇಡಂ ಇದ್ದಾರೆ. ಯಂತ್ರ ಅವರದು. ಯಾವ ಬಿಲ್ಲೆಯಲ್ಲಿ ಎಷ್ಟು ಸೀಸ, ಎಷ್ಟು ಪಾದರಸ, ಯಾವ ಕೀಟನಾಶಕ ಎಂದು ಹೇಳುವವರು ಅವರು. ಮೇಲಿನ ಬಿಲ್ಲೆ ಈಚಿನ ವರ್ಷಗಳದ್ದು, ಕೆಳಗಿನದು ಹಳೆಯದು. ಹಾಗಾಗಿ ಯಾವ ವಿಷ ಸುಮಾರು ಯಾವ ಕಾಲದಲ್ಲಿ ಬಂದು ಕೂತಿತು ಎನ್ನುವುದೂ ತಿಳಿಯುತ್ತದೆ. ಅಲ್ಲಿ ನಾನು ಸಹಾಯಕ, ನಮ್ಮೂರಿನಲ್ಲಿ ಮಾತ್ರ ವಿಜ್ಞಾನಿ. ಈ ಸುಳ್ಳನ್ನು ನಾನಾಗಿ ಹೇಳಿದ್ದಲ್ಲ. ಯಾರೋ ಅಂದರು, ನಾನು ತಿದ್ದಲಿಲ್ಲ.

ನಮ್ಮೂರು ತೆಲಂಗಾಣದಲ್ಲಿ, ಜಹೀರಾಬಾದಿಗೂ ನಾರಾಯಣಖೇಡಕ್ಕೂ ನಡುವೆ, ಬಸ್ಸು ಇಳಿದ ಮೇಲೆ ಇನ್ನೂ ಆಟೋ ಹಿಡಿಯಬೇಕಾದಷ್ಟು ಒಳಗಿದೆ. ಸಮುದ್ರ ಯಾವ ದಿಕ್ಕಿಗೂ ಹತ್ತಿರವಿಲ್ಲ. ನಮ್ಮ ಮನೆತನ ಕುರಿ ಸಾಕುವುದು, ಜೊತೆಗೆ ಒಂದಷ್ಟು ಬೇಸಾಯ. ಕೆಲಸ ಸಿಕ್ಕ ಮೊದಲ ವರ್ಷ ಊರಿಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತ ನನ್ನ ಕೆಲಸ ಏನೆಂದು ಕೇಳಿದಳು. ನಾನು ಎದೆಯುಬ್ಬಿಸಿ ಹೇಳಿದೆ. ಆಕೆ ಕೇಳಿದ್ದು ಇಷ್ಟೇ.

"ಸಮುದ್ರದ ಕೆಸರ ತೆಗೆದು ಯಾರ ಹೊಲಕ್ಕ ಹಾಕ್ತಾರ?"

ಯಾರ ಹೊಲಕ್ಕೂ ಹಾಕುವುದಿಲ್ಲ, ಅದರಲ್ಲಿ ವಿಷ ಇದೆಯೋ ಇಲ್ಲವೋ ನೋಡುತ್ತೇವೆ ಎಂದೆ. ಇದ್ದರೆ ಏನು ಮಾಡುತ್ತೀರಿ ಎಂದಳು. ಬರೆದಿಡುತ್ತೇವೆ ಎಂದೆ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಅಂದಿನಿಂದ ಇಂದಿನವರೆಗೂ ನನ್ನ ಕೆಲಸದ ಬಗ್ಗೆ ಆಕೆ ಏನೂ ಕೇಳಿಲ್ಲ.

ಅವ್ವನ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ನಮ್ಮ ಕಡೆ ಕೆಸರು ಇರುವುದೇ ಹೊಲಕ್ಕೆ ಹಾಕಲಿಕ್ಕೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಹೂಳನ್ನು ಬಗೆದು ಬರಡು ಹೊಲಗಳಿಗೆ ಹೊಡೆಯುತ್ತಿದ್ದರು. ಆ ಹೂಳಿನಲ್ಲೂ ಮೇಲು ಕೀಳು ಇತ್ತು. ನಮ್ಮೂರ ಕೆರೆಯ ಪಡುವಣ ಮೂಲೆಯಲ್ಲಿ ಎರಡೂ ಬದಿಗೆ ತಾಂಡೂರಿನ ಚಪ್ಪಡಿ ಕಲ್ಲು ನಿಲ್ಲಿಸಿ ಮಾಡಿದ ಒಂದು ಇಕ್ಕಟ್ಟಾದ ದಾರಿ ಇದೆ. ಕುರಿಗಳು ಒಂದರ ಹಿಂದೊಂದು ಅದರೊಳಗಿಂದ ನೀರಿಗೆ ಇಳಿದು ಆಚೆ ಹತ್ತಬೇಕು. ಮೈ ತೊಳೆಯುವುದು, ನೀರು ಕುಡಿಸುವುದು ಎಲ್ಲ ಅಲ್ಲಿಯೇ. ತಲೆತಲಾಂತರದಿಂದ ಕುರಿಗಳ ಹಿಕ್ಕೆ, ಗಂಜಲ, ಮೈಯ ಜಿಡ್ಡು ಬಿದ್ದ ಆ ಜಾಗವನ್ನು ಕುರಿ ಮೂಲೆ ಅನ್ನುತ್ತಾರೆ. ಅಲ್ಲಿಯ ಮಣ್ಣು ಬಿದ್ದ ಹೊಲ ಮೂರು ವರ್ಷ ಬೇರೆ ಗೊಬ್ಬರ ಕೇಳುವುದಿಲ್ಲ ಎಂಬ ಮಾತಿತ್ತು. ಅದು ಕುರಿ ಸಾಕುವ ನಮ್ಮ ಮನೆತನದ ಹಕ್ಕು. ಊರಲ್ಲಿ ಬೇರೆ ಯಾರೂ ಅದಕ್ಕೆ ಸಲಿಕೆ ಹಾಕುವಂತಿರಲಿಲ್ಲ.

ಅಂಗಡಿ ಗೊಬ್ಬರ ಬಂದ ಮೇಲೆ ಹೂಳಿನ ಗೊಡವೆ ಎಲ್ಲರೂ ಬಿಟ್ಟರು. ಅಪ್ಪ ಇದ್ದಾಗ, ನಾನಿನ್ನೂ ಸಣ್ಣವನಿದ್ದಾಗ, ಒಮ್ಮೆ ತೆಗೆದದ್ದೇ ಕೊನೆ. ಕೆರೆಯಲ್ಲಿ ನೀರಿಗಿಂತ ಮಣ್ಣೇ ಹೆಚ್ಚಾಗಿ ಈ ವರ್ಷ ಊರವರು ಕೂತು ಮಾತಾಡಿ, ಬೇಸಿಗೆಗೆ ಹೂಳು ತೆಗೆಯುವುದೆಂದು ಗಟ್ಟಿ ಮಾಡಿಕೊಂಡರು. ಕುರಿ ಮೂಲೆಯ ಮಣ್ಣು ನಮ್ಮ ಅಕ್ಕನ ಪಾಲಿಗೆ ಬಂತು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕೊಟ್ಟಿರುವುದು ಊರೊಳಗೇ. ಭಾವ ವರ್ಷದ ಮುಕ್ಕಾಲು ಪಾಲು ಹಿಂಡು ಹೊಡೆದುಕೊಂಡು ದೌಲತಾಬಾದ್ ಕಡೆ ತಿರುಗುತ್ತಿರುತ್ತಾನೆ. ಅಕ್ಕನಿಗೆ ಗುಡ್ಡದ ಬದಿಯಲ್ಲಿ ಒಂದು ತುಂಡು ಹೊಲ ಇದೆ, ಬರೀ ಗರಸು, ಕಲ್ಲು ಹರಳಿನ ನೆಲ. ಅಲ್ಲಿ ಬಿತ್ತಿದ ತೊಗರಿ ಮೊಣಕಾಲಿಗಿಂತ ಮೇಲೆ ಬಂದದ್ದನ್ನು ನಾನು ನೋಡಿಲ್ಲ. ಆದರೂ ಆಕೆ ಪ್ರತಿ ವರ್ಷ ಕಲ್ಲು ಆರಿಸಿ ಬದು ಕಟ್ಟುತ್ತಾಳೆ. ಈ ಸಲ ಮಣ್ಣು ಸಿಗುತ್ತದೆ ಎಂದಾದ ಮೇಲೆ ಫೋನಿನಲ್ಲಿ ಆಕೆಗೆ ಬೇರೆ ಮಾತೇ ಇರಲಿಲ್ಲ. ಮುಕ್ಕಾಲು ಹೊಲಕ್ಕೆ ತೊಗರಿ, ಬದುವಿಗೆ ಪುಂಡಿ ಸೊಪ್ಪು, ಬಾವಿ ಕಡೆಗೆ ಮನೆಗೆ ಬೇಕಾದ ಬದನೆ, ಸೌತೆ. ಹೊಲ ತನ್ನದಾಗಿ ಇಷ್ಟು ವರ್ಷವಾದರೂ ಅದರಲ್ಲಿ ಬೆಳೆದದ್ದನ್ನು ಉಂಡ ಸಮಾಧಾನ ಆಕೆಗೆ ಇರಲಿಲ್ಲ. ಅದೊಂದು ಆಸೆ ಉಳಿದಿತ್ತು.

ಇಷ್ಟರಲ್ಲಿ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ನಮ್ಮ ಕೆರೆಗೆ ಬರುವ ಹಳ್ಳದ ಮೇಲ್ಗಡೆ ಒಂದು ಕಾರ್ಖಾನೆ ಇದೆ. ಅದರ ಚಿಮಣಿ ಊರ ಗುಡಿ ಕಟ್ಟೆಯಿಂದ ಕಾಣುತ್ತದೆ. ಅದು ಏನು ಮಾಡುತ್ತದೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ, ಆದರೆ ಅದು ತಪ್ಪು ಮಾಡುತ್ತಿದೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಇಪ್ಪತ್ತು ವರ್ಷದಿಂದ ಪರವೂರಿನವರ ಕೆಸರು ಕೊಯ್ದಿದ್ದೇನೆ, ಒಂದು ಸಲವಾದರೂ ನಮ್ಮವರ ಕೆಸರು ಕೊಯ್ದು ದೊಡ್ಡವನಾಗೋಣ ಎನ್ನಿಸಿತು. ಹೂಳು ತೆಗೆಯುವ ಮೊದಲು ಪರೀಕ್ಷೆ ಆಗಬೇಕು ಎಂದು ಊರಿಗೆ ಹೇಳಿ ಕಳಿಸಿದೆ. ಮೇಡಂ ಹತ್ತಿರ ಹಲ್ಲು ಗಿಂಜಿ ಒಪ್ಪಿಗೆ ಪಡೆದೆ.

ಶಿವರಾತ್ರಿಯ ಹೊತ್ತಿಗೆ ಮೂರು ಕೊಳವೆ ಹೆಗಲಿಗೆ ಹಾಕಿಕೊಂಡು ಹೊರಟೆ. ಜಹೀರಾಬಾದಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಬೋರ್‌ವೆಲ್ ಪೈಪು ಒಳಗೆ ತರಬೇಡಿ ಎಂದ. ಇದು ವೈಜ್ಞಾನಿಕ ಉಪಕರಣ ಎಂದು ತೆಲುಗಿನಲ್ಲಿ, ಆಮೇಲೆ ಉರ್ದುವಿನಲ್ಲಿ ವಿವರಿಸಿದೆ. ಆತ ಎಲ್ಲವನ್ನೂ ಕೇಳಿ, ಹಾಗಾದರೆ ಅದಕ್ಕೂ ಲಗೇಜ್ ಟಿಕೆಟ್ ಎಂದ.

ಮಾರನೆಯ ಬೆಳಿಗ್ಗೆ ಕೆರೆ ಏರಿಯ ಮೇಲೆ ಅರ್ಧ ಊರು ನೆರೆದಿತ್ತು. ಜನ ಕಂಡರೆ ನನಗೆ ನಾಲಗೆ ನಿಲ್ಲುವುದಿಲ್ಲ. ಮಂಡಿಯುದ್ದ ಕೆಸರಿನಲ್ಲಿ ನಿಂತು ಒಂದು ಭಾಷಣವನ್ನೇ ಮಾಡಿದೆ. ಮಣ್ಣು ಸುಳ್ಳು ಹೇಳುವುದಿಲ್ಲ ಎಂದೆ. ತಪ್ಪು ಮಾಡಿದವರ ಗುರುತು ಈ ಕೊಳವೆಯಲ್ಲಿ ಸಿಗುತ್ತದೆ ಎಂದೆ. ಚಿಮಣಿಯ ಕಡೆ ಕೈ ತೋರಿಸಿದೆ. ಕಾರ್ಖಾನೆಯ ಮೇಲೆ ಒಂದು ಅರ್ಜಿಯನ್ನೂ ಮುಂಚಿತವಾಗಿಯೇ ಬರೆದುಕೊಂಡು ಹೋಗಿದ್ದೆ, ಪರೀಕ್ಷೆ ಆಗುವ ಮೊದಲೇ ಊರವರ ಹೆಬ್ಬೆಟ್ಟು, ರುಜು ಎಲ್ಲ ಬಿದ್ದವು. ಅಕ್ಕ ಏರಿಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಪಕ್ಕದವಳಿಗೆ ನಮ್ಮ ತಮ್ಮ ಎಂದು ತೋರಿಸುತ್ತಿದ್ದಳು.

ಮೊದಲನೆಯ ಕೊಳವೆ ಹಳ್ಳ ಬಂದು ಸೇರುವ ಬಾಯಲ್ಲಿ ಇಳಿಸಿದೆ. ಎರಡನೆಯದು ಕೆರೆಯ ನಡುವೆ. ಮೂರನೆಯದನ್ನು ಕುರಿ ಮೂಲೆಯಲ್ಲಿ ಇಳಿಸಿದೆ. ಅಲ್ಲಿ ಯಾಕೆ ಎಂದು ಯಾರೋ ಕೇಳಿದರು. ಕೆಟ್ಟದ್ದನ್ನು ತೋರಿಸಬೇಕಾದರೆ ಪಕ್ಕದಲ್ಲಿಡಲು ಒಂದು ಶುದ್ಧವಾದದ್ದು ಬೇಕು, ಕೆರೆಯಲ್ಲಿ ಇದಕ್ಕಿಂತ ಶುದ್ಧ ಜಾಗ ಇಲ್ಲ ಎಂದೆ. ನಮ್ಮ ಮನೆಯ ಜಾಗ ನೋಡಿ, ಅನುಮಾನವೇ ಬರಲಿಲ್ಲ.

ಮರಳಿ ಬಂದ ಮೇಲೆ ರಜೆಯ ದಿನ ಒಬ್ಬನೇ ಕೂತು ಕೊಯ್ಯತೊಡಗಿದೆ. ಹಳ್ಳದ ಬಾಯಿಯದು ಆಯಿತು, ನಡುವಿನದು ಆಯಿತು. ಮೂರನೆಯದರ ಮೇಲಿನ ಬಿಲ್ಲೆಗಳು ಕಪ್ಪಗೆ, ಮೆದುವಾಗಿ, ಅಕ್ಕ ನೋಡಿದ್ದರೆ ಮುದ್ದಿಡುವಂತಿದ್ದವು. ಗೇಣುದ್ದ ಕೆಳಗೆ ಹೋದಾಗ ಬಣ್ಣ ತುಸು ಬೂದಿಯಾಯಿತು. ಚಾಕು ಎಳೆದಾಗ ಏನೋ ತಡೆಯಿತು. ಚಿಮಟಿಗೆಯಲ್ಲಿ ಹಿಡಿದು ಎಳೆದರೆ ಒಂದು ನೀಲಿ ಪ್ಲಾಸ್ಟಿಕ್ ದಾರ, ಚೀಲದ ಬಾಯಿ ಹೊಲಿಯುವಂಥದ್ದು. ಅದರ ಹಿಂದೆಯೇ ವಾಸನೆ ಬಂತು. ಮುಗ್ಗಲು ಹಿಡಿದ ಗೋಡೌನಿನ ವಾಸನೆ, ಮೂಗಿನಲ್ಲಿ ಹೊಕ್ಕು ಗಂಟಲಿಗೆ ಇಳಿಯುವ ಘಾಟು. ಯಂತ್ರ ಬೇಕಾಗಿರಲಿಲ್ಲ. ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತೆ.

ಕೆಲಸ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು, ಆಗ ನಾನು ಜಹೀರಾಬಾದಿನಲ್ಲಿ ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು, ಅದೂ ಸೈನ್ಸು. ತಲೆಗೆ ಕೊಂಬು ಬಂದಿತ್ತು. ಆ ಬೇಸಿಗೆ ನಮ್ಮ ಹಿಂಡಿಗೆ ಉಣ್ಣಿ ಕಾಟ ವಿಪರೀತ. ಅಪ್ಪ, ಅಕ್ಕ ದಿನವಿಡೀ ಕೂತು ಒಂದೊಂದು ಕುರಿಯ ಕಿವಿಯಿಂದ, ತೊಡೆಸಂದಿನಿಂದ ಉಣ್ಣಿ ಕಿತ್ತು ಕೆಂಡಕ್ಕೆ ಹಾಕುತ್ತಿದ್ದರು. ಇದು ಹಳೆಯ ಕಾಲದ ಪದ್ಧತಿ, ನಾನು ಔಷಧ ತರುತ್ತೇನೆ ಎಂದೆ. ಜಹೀರಾಬಾದಿನ ಅಂಗಡಿಯಲ್ಲಿ ಬಿ.ಎಚ್.ಸಿ. ಪುಡಿ ಸಿಗುತ್ತಿತ್ತು. ಹತ್ತಿಗೆ, ಜೋಳಕ್ಕೆ, ಮನೆಯ ತಿಗಣೆಗೆ, ಎಲ್ಲಕ್ಕೂ ಆಗ ಅದನ್ನೇ ಎರಚುತ್ತಿದ್ದರು. ಎರಡು ಚೀಲ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ.

ಚೀಲದ ಮೇಲೆ ಇಂಗ್ಲಿಷಿನಲ್ಲಿ ಅಳತೆ ಬರೆದಿತ್ತು. ಇಷ್ಟು ನೀರಿಗೆ ಇಷ್ಟು ಪುಡಿ. ಬಕೆಟ್ಟಿನಲ್ಲಿ ಕದಡಿ ಬಟ್ಟೆಯಲ್ಲಿ ಕುರಿಗಳ ಮೈ ಒರೆಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಕೆಲಸ ನನ್ನ ಓದಿಗೆ ಶೋಭಿಸುವಂತಿರಲಿಲ್ಲ. ಹೇಗೂ ಕುರಿಗಳು ಕುರಿ ಮೂಲೆಯಲ್ಲಿ ಇಳಿದು ಹತ್ತುತ್ತವೆ, ಆ ನೀರಿಗೇ ಬೆರೆಸಿಬಿಟ್ಟರೆ ಇಡೀ ಹಿಂಡಿಗೆ ಒಂದೇ ದಿನದಲ್ಲಿ ಔಷಧ ಆಗುತ್ತದೆ ಎಂದೆ. ಕೆರೆಯ ಆ ಮೂಲೆಯನ್ನು ಸಿಲಿಂಡರ್ ಎಂದು ಭಾವಿಸಿ, ಮೊಣಕಾಲು ಆಳ ಎಂದು ಹಿಡಿದು, ನೋಟ್‌ಬುಕ್ಕಿನಲ್ಲಿ ಗುಣಿಸಿದೆ. ಒಂದೂವರೆ ಚೀಲ ಎಂದು ಉತ್ತರ ಬಂತು. ನಮ್ಮಪ್ಪ, ಟಗರಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದವನು, ಮೋಡ ನೋಡಿ ಹಿಂಡು ತಿರುಗಿಸುತ್ತಿದ್ದವನು, ಆ ನೋಟ್‌ಬುಕ್ಕನ್ನು ತಲೆಕೆಳಗಾಗಿ ಹಿಡಿದು ನೋಡಿ ತಲೆಯಾಡಿಸಿದ.

ಚೀಲದ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು, ಕೆರೆ ಬಾವಿಗಳಿಗೆ ಸೇರದಂತೆ ಎಚ್ಚರ ವಹಿಸಿ ಎಂದು. ಅದನ್ನು ನಾನು ಓದಿದ್ದೆ. ಓದಿರಲಿಲ್ಲ ಎಂದು ಈಗ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಓದಿದ್ದೆ. ಅದು ಪುಡಿ ತಯಾರು ಮಾಡುವವರಿಗೆ ಹೇಳಿದ್ದಿರಬೇಕು ಎಂದುಕೊಂಡೆ.

ಅಂದು ನಾನು ಕಾಲೇಜಿನ ಬಿಳಿ ಅಂಗಿಯಲ್ಲಿದ್ದೆ. ಮೇಲೆ ದಡದಲ್ಲಿ, ಚಪ್ಪಡಿ ಕಲ್ಲಿನ ಪಕ್ಕ ನಿಂತು, ಇನ್ನಷ್ಟು ಹಾಕು, ಚೆನ್ನಾಗಿ ಕದಡು ಎಂದು ಹೇಳುತ್ತಿದ್ದೆ. ನೀರಿಗೆ ಇಳಿದವಳು ಅಕ್ಕ. ಚೀಲ ಹರಿದವಳು ಅಕ್ಕ. ಮೊಣಕೈವರೆಗೆ ಕೈ ಅದ್ದಿ ಗಂಟು ಒಡೆದು ಕದಡಿದವಳು ಅಕ್ಕ. ಮುಂದಾಳು ಟಗರನ್ನು ಅಪ್ಪ ದೂಡಿದ, ಹಿಂದೆ ಹಿಂಡೆಲ್ಲ ಇಳಿಯಿತು. ವಾರದೊಳಗೆ ಉಣ್ಣಿ ಮಾಯ. ಊರವರು ನಮ್ಮ ಮನೆಗೆ ಬಂದು ನನ್ನನ್ನು ನೋಡಿ ಹೋದರು. ಮೂರು ಬೇಸಿಗೆ ಹೀಗೆಯೇ ನಡೆಯಿತು, ಊರ ಬೇರೆ ಹಿಂಡುಗಳೂ ಬಂದವು. ಕಡೆಯ ವರ್ಷ ತೇವ ಹಿಡಿದು ಗಟ್ಟಿಯಾದ ಎರಡು ಚೀಲ ಉಳಿದವು. ಕುರಿ ನೆಕ್ಕಿಬಿಟ್ಟಾವು ಎಂದು, ಅವನ್ನೂ ಆ ಮೂಲೆಯ ಕೆಸರಿನಲ್ಲೇ ಹುಗಿದು ಮೇಲೆ ಕಲ್ಲು ಹಾಕಿಸಿದೆ. ಜವಾಬ್ದಾರಿಯುತ ಕೆಲಸ ಎಂದು ಆಗ ಬಹಳ ಹೆಮ್ಮೆ ಪಟ್ಟಿದ್ದೆ.

ಮೊದಲ ವರ್ಷವೇ ಆ ಮೂಲೆಯಲ್ಲಿ ಮೀನು ತೇಲಿದ್ದವು. ಬಿಸಿಲಿಗೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ವಿವರಿಸಿದೆ. ಆ ಕಡೆ ಕಪ್ಪೆ ಒದರುವುದು ನಿಂತಿದೆ ಎಂದು ಅವ್ವ ಅಂದಾಗ, ಮಳೆ ತಡವಾಗಿದೆಯಲ್ಲ ಎಂದೆ. ಅಕ್ಕನ ಕೈ ಮೊಣಕೈವರೆಗೆ ಕೆಂಪಾಗಿ ದದ್ದು ಎದ್ದು ಚರ್ಮ ಸುಲಿಯಿತು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಬಿಸಿಲಿಗೆ ಹಾಗಾಗುತ್ತದೆ ಎಂದೆ.

ಮೇಡಂ ಮೂರೂ ಕೊಳವೆಯ ಪುಡಿಗಳನ್ನು ನೋಡಿ ಹೇಳಿದರು. ಹಳ್ಳದ ಬಾಯಲ್ಲಿ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ, ಅಲ್ಪಸ್ವಲ್ಪ, ಎಲ್ಲ ಕಡೆ ಇರುವಷ್ಟೇ. ನಡುವಿನದರಲ್ಲೂ ಅಷ್ಟೇ. ನಾನು ಕೆರೆ ದಡದಲ್ಲೇ ಶುದ್ಧ ಎಂದು ಚೀಟಿ ಅಂಟಿಸಿದ್ದ ಮೂರನೆಯದನ್ನು ಮುಂದಿಟ್ಟು, ಇದು ಯಾವ ಬಂದರಿನದು ಎಂದು ಕೇಳಿದರು. ನಮ್ಮ ಕುರಿಗಳದು, ಹೊಲಕ್ಕೆ ಹೋಗುವ ಮಣ್ಣು ಎಂದೆ. ಈ ಮಣ್ಣು ಬೆಳೆಯುವ ಭೂಮಿಗೆ ಹೋಗಬಾರದು, ಮುಟ್ಟುವವರು ಬರಿಗೈಯಲ್ಲಿ ಮುಟ್ಟಬಾರದು, ಯಾರಿಗಾದರೂ ಹೇಳಬೇಕಾಗಿದ್ದರೆ ಬೇಗ ಹೇಳಿ ಎಂದರು.

ಬೇಗ ಹೇಳಬೇಕಾದವನು ಮೂರು ದಿನ ಸುಮ್ಮನಿದ್ದೆ. ಇದನ್ನು ಬರೆಯುವಾಗ ತಮಾಷೆ ಮಾಡಲು ನೋಡಿದೆ, ಆಗಲಿಲ್ಲ. ನಾಚಿಕೆಯಾಗುತ್ತದೆ. ಎಲ್ಲಿಯೋ ತಪ್ಪಾಗಿರಬೇಕು ಎಂದು ಮೇಡಂ ಕಾಲು ಹಿಡಿದು ಮತ್ತೆ ನೋಡಿಸಿದೆ. ಇಪ್ಪತ್ತು ವರ್ಷದಲ್ಲಿ ಯಾವ ಬಂದರಿನ ಕೆಸರಿಗೂ ನಾನು ಇಷ್ಟು ಕಾಳಜಿ ತೋರಿಸಿರಲಿಲ್ಲ. ಮೂರು ಸಲವೂ ಅದೇ ಉತ್ತರ. ಮೂರನೆಯ ದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ಕೆರೆ ಬೇಗ ಬತ್ತಿತ್ತು, ಟ್ರ್ಯಾಕ್ಟರು ಬಿಡುವಾಗಿತ್ತು, ನನ್ನ ಉತ್ತರಕ್ಕೆ ಕಾಯದೆ ಹೂಳು ತೆಗೆಯಲು ಹತ್ತಿದ್ದರು. ಕುರಿ ಮೂಲೆಯ ಮಣ್ಣು ಎರಡು ಟ್ರಾಲಿ ಆಕೆಯ ಹೊಲಕ್ಕೆ ಬಿದ್ದಾಗಿತ್ತು. ಬೆಣ್ಣೆಯಂಥ ಮಣ್ಣು, ಮುಷ್ಟಿಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ ಎಂದಳು. ಮುಷ್ಟಿಯಲ್ಲಿ ಹಿಡಿದಿದ್ದಳು ಎಂದಾಯಿತು.

"ಅಕ್ಕಾ, ಇನ್ನ ಮಣ್ಣ ತರಸಬ್ಯಾಡ. ಬಿದ್ದದ್ದ ಹರವಬ್ಯಾಡ, ಕೈಲೆ ಮುಟ್ಟಬ್ಯಾಡ. ನಾ ಬರಾಕತ್ತೀನಿ," ಎಂದೆ.

ಯಾಕೆ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಹೇಳುವ ಧೈರ್ಯವೂ ನನಗಿರಲಿಲ್ಲ. ಆ ಬಸ್ಸು, ಈ ಬಸ್ಸು ಹತ್ತಿ ಮಾರನೆಯ ದಿನ ಊರು ಮುಟ್ಟಿದಾಗ ಗೊತ್ತಾಯಿತು, ತಮ್ಮ ತಾನೇ ಬಂದು ಹೊಲದ ಮಣ್ಣಿಗೆ ಪೂಜೆ ಮಾಡುತ್ತಾನೆ, ಅದಕ್ಕೇ ಮುಟ್ಟಬೇಡ ಅಂದಿದ್ದಾನೆ ಎಂದು ಆಕೆ ಊರಿಗೆಲ್ಲ ಹೇಳಿದ್ದಳು. ಹೊಲದಲ್ಲಿ ಎರಡು ಕಪ್ಪು ರಾಶಿ, ಅವುಗಳ ಮುಂದೆ ಸಾರಿಸಿದ ನೆಲ, ತಟ್ಟೆಯಲ್ಲಿ ಕುಂಕುಮ, ತೆಂಗಿನಕಾಯಿ. ಅವ್ವ ಬದುವಿನ ಮೇಲೆ ಕೂತಿದ್ದಳು. ಅಕ್ಕ ಹೊಸ ಸೀರೆ ಉಟ್ಟು ನಿಂತಿದ್ದಳು.

ನಾನು ಬ್ಯಾಗಿನಿಂದ ರಬ್ಬರ್ ಕೈಗವಸು ತೆಗೆದೆ. ಇಂಥ ಹೊತ್ತಿನಲ್ಲಿ ಮನುಷ್ಯ ಏನಾದರೂ ಹಿಡಿದುಕೊಂಡಿರಬೇಕಾಗುತ್ತದೆ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದ ನಾಲ್ಕೈದು ಬಗೆಯಲ್ಲಿ ತಯಾರು ಮಾಡಿಕೊಂಡಿದ್ದೆ, ಎಲ್ಲದರಲ್ಲೂ ಮೊದಲು ಮಣ್ಣಿನ ಪದರಗಳ ವಿಚಾರ ಬರುತ್ತಿತ್ತು. ಅದನ್ನೆಲ್ಲ ಬಿಟ್ಟು ನೇರವಾಗಿ ಹೇಳಿದೆ. ಮಣ್ಣಿನಲ್ಲಿ ವಿಷ ಇದೆ. ಕಾರ್ಖಾನೆಯದಲ್ಲ. ನಾನು ತಂದ ಬಿಳಿ ಪುಡಿ. ಅಂದು ನಿನ್ನ ಕೈಗೆ ಆದದ್ದು ಬಿಸಿಲಿನಿಂದ ಅಲ್ಲ. ಈ ಮಣ್ಣು ಹೊಲದಲ್ಲಿ ಇರಕೂಡದು, ತೆಗೆದು ಮತ್ತೆ ಅಲ್ಲಿಯೇ ಹಾಕಬೇಕು, ಇನ್ನು ಮುಂದೆ ಯಾರೂ ಆ ಮೂಲೆ ಮುಟ್ಟಕೂಡದು. ಪರೀಕ್ಷೆ ಮಾಡಿ ಮೂರು ದಿನ ಸುಮ್ಮನಿದ್ದದ್ದನ್ನೂ ಹೇಳಿದೆ. ಅದನ್ನು ಬಿಟ್ಟಿದ್ದರೆ ಉಳಿದದ್ದು ಹೇಳಲು ಸುಲಭವಾಗುತ್ತಿತ್ತು.

ಅಕ್ಕ ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಎರಡಕ್ಕೂ ತಯಾರಾಗಿದ್ದೆ. ಆಕೆ ತೆಂಗಿನಕಾಯಿ ಎತ್ತಿ ಅವ್ವನ ಕೈಗೆ ಕೊಟ್ಟಳು. ಬದುವಿಗೆ ಒರಗಿಸಿದ್ದ ಸಲಿಕೆ ತಂದು ನನ್ನ ಮುಂದೆ ಹಿಡಿದಳು.

"ಅವತ್ತ ನೀ ಮ್ಯಾಲ ನಿಂತು ಹೇಳ್ದಿ, ನಾ ಇಳದು ಮಾಡ್ದೆ. ಇವತ್ತ ನಾ ಮ್ಯಾಲ ನಿಂದರ್ತೀನಿ. ನೀ ಇಳಿ."

ಇಳಿದೆ. ಟ್ರ್ಯಾಕ್ಟರಿನವನು ವಿಷ ಎಂದು ಕೇಳಿದ ಮೇಲೆ ಟ್ರಾಲಿ ತಂದು ನಿಲ್ಲಿಸಿ, ತಾನು ಬೇವಿನ ಮರದ ಕೆಳಗೆ ಹೋಗಿ ಕೂತ. ಅವನನ್ನು ತಪ್ಪು ಅನ್ನಲಾರೆ. ಬೂಟು, ಕೈಗವಸು, ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ, ತಲೆಗೊಂದು ಟೋಪಿ ಹಾಕಿ ಸಲಿಕೆ ಹಿಡಿದೆ. ಹತ್ತು ಸಲಿಕೆ ತುಂಬುವಷ್ಟರಲ್ಲಿ ಉಸಿರು ಮೇಲಕ್ಕೆ ಬಂತು. ಎರಡು ಸೆಂಟಿಮೀಟರ್ ಬಿಲ್ಲೆ ಕೊಯ್ದು ಬದುಕಿದ ಕೈ, ಟ್ರಾಲಿ ತುಂಬುವುದು ಏನೆಂದು ಅದಕ್ಕೆ ಗೊತ್ತಿರಲಿಲ್ಲ. ಅಕ್ಕ ಬದುವಿನ ಮೇಲೆ ಗಾಳಿಗೆ ಎದುರಾಗದಂತೆ ನಿಂತು, ಅಲ್ಲಿ ಒಂದು ಹೆಂಟೆ ಬಿಟ್ಟಿದ್ದೀ, ಇಲ್ಲಿ ಇನ್ನೊಂದಷ್ಟು ಕೆರೆದು ತೆಗೆ ಎಂದು ಹೇಳುತ್ತ ಹೋದಳು. ರಾಶಿ ಬಿದ್ದ ಜಾಗದ ಅವಳದೇ ಗರಸು ಮಣ್ಣನ್ನೂ ಒಂದು ಗೇಣು ಕೆರೆದು ತುಂಬಿದೆ. ಏರಿಯಿಂದ ಜನ ಬಂದು ನೋಡಿದರು. ಭಾಷಣ ಮಾಡಿದ್ದವನು ಇವನೇ ತಾನೇ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದ್ದು ಟೋಪಿಯೊಳಗಿಂದಲೂ ಕೇಳಿಸಿತು.

ಎರಡು ದಿನ ಹಿಡಿಯಿತು. ಮಣ್ಣನ್ನು ಕುರಿ ಮೂಲೆಗೇ ಒಯ್ದು ಸುರಿದು, ತಾಡಪಾಲು ಹೊದೆಸಿ, ಇಕ್ಕಟ್ಟು ದಾರಿಯ ತಾಂಡೂರು ಚಪ್ಪಡಿಗಳನ್ನೇ ಕಿತ್ತು ಮೇಲೆ ಹಾಸಿ, ಸುತ್ತ ಜಾಲಿ ಮುಳ್ಳು ಬಡಿದೆವು. ಇದು ಮುಚ್ಚಿಡುವುದು ಅಷ್ಟೇ. ಇದನ್ನು ಸರಿಯಾಗಿ ವಿಲೇವಾರಿ ಮಾಡುವವರು ಯಾರು ಎಂದು ಕೇಳಿಕೊಂಡು ಈಗಲೂ ಕಚೇರಿಗಳಿಗೆ ತಿರುಗುತ್ತಿದ್ದೇನೆ. ಊರವರ ಮುಂದೆ ಅರ್ಜಿಯನ್ನು ವಾಪಸು ಪಡೆದಾಗ ಒಬ್ಬ ಹಿರಿಯರು, ಹಾಗಾದರೆ ಹೆಸರು ಬದಲಿಸಿ ಕಳಿಸಿಬಿಡ್ರಿ, ರುಜು ಹೇಗೂ ಆಗ್ಯಾವ ಎಂದರು. ನಗಬೇಕಾದದ್ದೇ, ನಾನೂ ನಕ್ಕೆ. ಕೆರೆಯ ನಡುವಿನ ಹೂಳು ಬೇರೆಯವರ ಹೊಲಗಳಿಗೆ ಹೋಯಿತು. ಅಕ್ಕನ ಪಾಲು ಕುರಿ ಮೂಲೆಯದಾಗಿದ್ದರಿಂದ ಆಕೆಯ ಹೊಲ ಮತ್ತೆ ಮೊದಲಿನಂತೆ ಗರಸಾಗಿಯೇ ಉಳಿಯಿತು, ನಡುವೆ ನಾನು ಕೆರೆದ ಎರಡು ತಗ್ಗು ಸೇರಿಕೊಂಡವು.

ಎರಡನೆಯ ದಿನ ಸಂಜೆ ಬಾವಿಯ ಹತ್ತಿರ ಕೈಗವಸು ಬಿಚ್ಚಿ ಸೋಪು ಹಚ್ಚಿ ತೊಳೆಯುತ್ತಿದ್ದೆ. ಅಕ್ಕ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ಕೇಳಬಾರದಾಗಿತ್ತೇನೋ, ಕೇಳಿಬಿಟ್ಟೆ, ಅವತ್ತು ಕೈ ಬಹಳ ಉರಿಯುತ್ತಿತ್ತೇ ಎಂದು.

"ಉರೀತಿತ್ತು. ನೀ ಬಿಸಲಿಗಿ ಅಂದಿ. ಅದಕ ಆ ಬ್ಯಾಸಗಿ ಎಲ್ಲಾ ಎರಡೂ ಕೈ ಸೆರಗಿನಾಗ ಮುಚ್ಚಿಕೊಂಡ್ ಅಡ್ಡಾಡ್ದೆ."

ಆಕೆಯ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕಾಲೇಜಿಗೆ ಹೋಗುವ ತಮ್ಮ ಅಂದದ್ದಕ್ಕೆ ಒಂದು ಬೇಸಿಗೆ ಪೂರ್ತಿ ಕೈ ಮುಚ್ಚಿಕೊಂಡು ಓಡಾಡಿದ್ದಳು, ಅದೇ ಕೈಯಿಂದ ಮುಂದಿನ ಎರಡು ಬೇಸಿಗೆಯೂ ಪುಡಿ ಕದಡಿದ್ದಳು. ನನಗೆ ಅಳು ಬಂತು. ಮುಖಕ್ಕೂ ನೀರು ಹಾಕಿಕೊಂಡೆ.

ಅಕ್ಕ ಹೊಲದ ಕಡೆ ನೋಡುತ್ತ ಇನ್ನೊಂದು ತಂಬಿಗೆ ತುಂಬಿದಳು. ಭಾವ ಹಿಂಡು ತಂದ ಮೇಲೆ ಹದಿನೈದು ದಿನ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡರೆ ಅಷ್ಟಿಷ್ಟು ಗೊಬ್ಬರ ಆಗುತ್ತದೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಆ ಎರಡು ತಗ್ಗಿನ ಜಾಗದಲ್ಲಿ ಈ ವರ್ಷ ತೊಗರಿ ಹಾಕಬಹುದೇ, ಬದನೆ ಬೆಳೆದರೆ ಉಣ್ಣಬಹುದೇ ಎಂದು ಕೇಳಿದಳು. ಇಷ್ಟೆಲ್ಲ ಆದ ಮೇಲೂ ಆಕೆ ನನ್ನನ್ನೇ ಕೇಳುತ್ತಿದ್ದಳು. ಹೌದು ಎನ್ನಲು ಬಾಯಿ ತೆರೆದೆ. ಅಭ್ಯಾಸ.

"ಗೊತ್ತಿಲ್ಲ ಅಕ್ಕಾ. ಅಲ್ಲಿ ಮಣ್ಣ ಒಯ್ದು ನೋಡಿಸಬೇಕು. ಅಲ್ಲೀತನಕ ನನಗ ಗೊತ್ತಿಲ್ಲ."

ಅಕ್ಕ ತಂಬಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

"ಗೊತ್ತಿಲ್ಲ ಅಂತೀ ಅಂದ್ರ, ಈ ಸಲ ಖರೆ ಹೇಳಾಕತ್ತಿ," ಎಂದಳು.